ನಿಮಗಿದು ಗೊತ್ತೇ? ಆಲ್ಪ್ಸ್‌ನ ವಸಂತ, ಗೆಳೆಯರ ಸ್ಕೀ ಯಾತ್ರೆ

ಸ್ಕೀ ಟೂರಿಂಗ್‌ಗೆ ಹೊರಟವರಿಗೆ ಲಿಫ್ಟ್ ಇಲ್ಲ, ರೋಪ್‌ವೇ ಇಲ್ಲ. ಕಾಲಿಗೆ ಸ್ಕೀ ಕಟ್ಟಿಕೊಂಡೇ ಬೆಟ್ಟ ಹತ್ತಬೇಕು, ಅದೇ ಸ್ಕೀ ಮೇಲೆ ಜಾರುತ್ತ ಇಳಿಯಬೇಕು. ಆಲ್ಪ್ಸ್‌ನ ಎತ್ತರದ ಹಿಮನದಿಗಳ ಮೇಲೆ ಇದಕ್ಕೆ ಒಳ್ಳೆಯ ಕಾಲ ಮಾರ್ಚ್ ನಡುವಿನಿಂದ ಮೇ ಮೊದಲ ವಾರದವರೆಗೆ.

ಜಾರುವ ಹಲಗೆ ಹಾಕಿಕೊಂಡು ಏರು ಹತ್ತುವುದು ಹೇಗೆ? ಸ್ಕೀಯ ಅಡಿಗೆ ‘ಸ್ಕಿನ್’ ಎಂಬ ಉದ್ದನೆಯ ಪಟ್ಟಿ ಅಂಟಿಸುತ್ತಾರೆ. ಹಿಂದೆ ಅದು ನಿಜವಾಗಿಯೂ ಸೀಲ್ ಪ್ರಾಣಿಯ ಚರ್ಮವಾಗಿತ್ತು. ಈಗ ಅಂಗೋರಾ ಮೇಕೆಯ ಕೂದಲು, ಇಲ್ಲವೇ ನೈಲಾನ್. ಕೂದಲೆಲ್ಲ ಹಿಂದಕ್ಕೆ ಮಲಗಿರುವುದರಿಂದ ಮುಂದೆ ತಳ್ಳಿದಾಗ ಸರಾಗವಾಗಿ ಸರಿಯುತ್ತದೆ, ಹಿಂದೆ ಜಾರಿದರೆ ಹಿಮಕ್ಕೆ ಕಚ್ಚಿಕೊಳ್ಳುತ್ತದೆ. ತುದಿ ಮುಟ್ಟಿದ ಮೇಲೆ ಪಟ್ಟಿಯನ್ನು ಕಿತ್ತು, ಅಂಟಿಗೆ ಅಂಟು ಸೇರಿಸಿ ಮಡಚುತ್ತಾರೆ. ಇನ್ನೊಂದು ಏರು ಬಾಕಿ ಇದ್ದರೆ ಅದು ಜಾಕೆಟ್ಟಿನೊಳಗೆ, ಎದೆಯ ಬಿಸಿಯಲ್ಲಿ ಇರುತ್ತದೆ. ಅಂಟು ತಣ್ಣಗಾದರೆ ಮತ್ತೆ ಸರಿಯಾಗಿ ಹಿಡಿಯುವುದಿಲ್ಲ.

ಏರುವಾಗ ಹಿಮ್ಮಡಿ ಬಿಡುವಾಗಿರಬೇಕು, ಇಳಿಯುವಾಗ ಬಿಗಿಯಾಗಿರಬೇಕು. ಬೂಟನ್ನು ಸ್ಕೀಗೆ ಹಿಡಿದಿಡುವ ಹಳೆಯ ಬೈಂಡಿಂಗ್‌ಗಳು ಈ ಎರಡೂ ಕೆಲಸ ಮಾಡುತ್ತಿದ್ದವು, ಆದರೆ ಭಾರ ವಿಪರೀತ. ಬೂಟಿನ ಮೂತಿಯನ್ನು ಎರಡು ಸಣ್ಣ ಮೊಳೆಗಳಿಂದ ಹಿಡಿಯುವ ಹಗುರ ಬೈಂಡಿಂಗನ್ನು 1980ರ ದಶಕದಲ್ಲಿ ರೂಪಿಸಿದವರು ಆಸ್ಟ್ರಿಯಾದ ಫ್ರಿಟ್ಜ್ ಬಾರ್ಟೆಲ್. ಇವತ್ತು ಬೆಟ್ಟ ಹತ್ತುವ ಬಹುಪಾಲು ಸ್ಕೀಗಳ ಮೇಲೆ ಇರುವುದು ಆ ಮೊಳೆಗಳೇ.

ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್ 1894ರ ಮಾರ್ಚ್‌ನಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನ ಬ್ರಾಂಗರ್ ಸಹೋದರರ ಜೊತೆ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ ಅರೋಸಾಗೆ ಹೋಗಿದ್ದರು. ಆ ಅನುಭವವನ್ನು ಅದೇ ವರ್ಷ ಸ್ಟ್ರಾಂಡ್ ಪತ್ರಿಕೆಯಲ್ಲಿ ಬರೆದರು.

ವಸಂತದ ಸ್ಕೀ ಯಾತ್ರೆ ಕತ್ತಲಲ್ಲೇ ಶುರುವಾಗುತ್ತದೆ. ಬೆಟ್ಟದ ಗುಡಿಸಲುಗಳಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಬ್ರೆಡ್ಡು, ಚಹಾ ಸಿದ್ಧ. ಈ ಅವಸರಕ್ಕೆ ಕಾರಣ ಹಿಂದಿನ ರಾತ್ರಿಯ ಆಕಾಶ. ಹಗಲು ಕರಗಿದ ಹಿಮ ರಾತ್ರಿ ತನ್ನ ಶಾಖವನ್ನು ಅವಕೆಂಪು ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡವಿಲ್ಲದಿದ್ದರೆ, ಗಾಳಿಯ ಉಷ್ಣತೆ ಸೊನ್ನೆಗಿಂತ ತುಸು ಮೇಲಿದ್ದರೂ ಹಿಮದ ಮೇಲ್ಮೈ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಮೋಡ ಮುಸುಕಿದ ರಾತ್ರಿ ಶಾಖ ಅಷ್ಟಾಗಿ ಹೊರಹೋಗುವುದಿಲ್ಲ. ಬೆಳಿಗ್ಗೆ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಅಂಥ ದಿನ ಅನುಭವಸ್ಥರು ಹೊರಡುವುದಿಲ್ಲ.

ಹಗಲು ಕರಗಿ ಇರುಳು ಹೆಪ್ಪುಗಟ್ಟುವುದು ವಾರಗಟ್ಟಲೆ ನಡೆದರೆ ಹಿಮ ದಪ್ಪ ಬನ್ಸಿ ರವೆಯ ಹಾಗೆ ಉರುಟು ಹರಳುಗಳಾಗುತ್ತದೆ. ಬಿಸಿಲೇರಿ ಮೇಲಿನ ಎರಡು ಮೂರು ಸೆಂಟಿಮೀಟರ್ ಮಾತ್ರ ಮೆತ್ತಗಾಗಿ ಕೆಳಗೆ ಗಟ್ಟಿ ತಳ ಉಳಿದಿರುವ ಹೊತ್ತೇ ಇಳಿಯಲು ಸುಮುಹೂರ್ತ. ಅದು ಮೊದಲು ಪೂರ್ವದ ಇಳಿಜಾರಿಗೆ ಬರುತ್ತದೆ, ಆಮೇಲೆ ದಕ್ಷಿಣಕ್ಕೆ, ಕೊನೆಗೆ ಪಶ್ಚಿಮಕ್ಕೆ. ಬೇಗ ಇಳಿದರೆ ಗಾಜಿನಂಥ ಮಂಜುಗಡ್ಡೆ, ತಡವಾದರೆ ಒದ್ದೆ ಹಿಮಕುಸಿತದ ಭಯ. ಇಷ್ಟು ಕರಾರುವಾಕ್ಕಾಗಿ ಸೂರ್ಯನ ಹೊತ್ತನ್ನು ಓದಿ ನಡೆಯುವ ಆಟ ನನಗೆ ತಿಳಿದಂತೆ ಬೇರೊಂದಿಲ್ಲ.

ಯೂರೋಪಿನಲ್ಲಿ ಹಿಮಕುಸಿತದ ಅಪಾಯಕ್ಕೆ ಐದು ಹಂತಗಳಿವೆ. ಸ್ವಿಟ್ಜರ್ಲೆಂಡಿನಲ್ಲಿ ಅತಿ ಹೆಚ್ಚು ಜನ ಸಾಯುವುದು ನಾಲ್ಕರಲ್ಲೋ ಐದರಲ್ಲೋ ಅಲ್ಲ, ಮೂರನೇ ಹಂತದ ದಿನಗಳಲ್ಲಿ. ನಾಲ್ಕು ಎಂದರೆ ಜನ ಮನೆಯಲ್ಲೇ ಉಳಿಯುತ್ತಾರೆ, ಮೂರು ಎಂದರೆ ಹೊರಡುತ್ತಾರೆ.

ಇನ್ನು ಜೊತೆಗಾರರ ವಿಷಯ. ಇದನ್ನು ಓದುಗರು ದಯವಿಟ್ಟು ನೆನಪಿಡಬೇಕು. ಹಿಮದಡಿ ಪೂರ್ತಿ ಹೂತವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಮೂರರಲ್ಲಿ ಒಬ್ಬರು ಬದುಕುವುದೂ ಕಷ್ಟ. ಅಷ್ಟರೊಳಗೆ ಹೆಲಿಕಾಪ್ಟರ್ ಬಂದು ಮುಟ್ಟುವುದು ಅಪರೂಪ. ಉಳಿಸುವವರು ಪಕ್ಕದಲ್ಲಿರುವ ಗೆಳೆಯರೇ. ಅದಕ್ಕೇ ಪ್ರತಿಯೊಬ್ಬರ ಮೈಮೇಲೆ 457 ಕಿಲೋಹರ್ಟ್ಸ್ ಸಂಕೇತ ಕಳಿಸುವ ಬೀಕನ್, ಬೆನ್ನಿನ ಚೀಲದಲ್ಲಿ ಸಲಿಕೆ, ಮಡಚುವ ಉದ್ದ ಸಲಾಕೆ ಇರಲೇಬೇಕು. ಹೊರಡುವ ಮುನ್ನ ಒಬ್ಬರು ಮುಂದೆ ನಿಂತು, ಉಳಿದವರನ್ನು ಒಬ್ಬೊಬ್ಬರಾಗಿ ದಾಟಿಸಿ, ಎಲ್ಲರ ಬೀಕನ್ ಮಿಡಿಯುತ್ತಿದೆಯೇ ಎಂದು ಕಿವಿಗೊಟ್ಟು ನೋಡುತ್ತಾರೆ. ಹುಡುಕುವಾಗ ಮೊಬೈಲನ್ನು ಬೀಕನ್‌ನಿಂದ ಅರ್ಧ ಮೀಟರಾದರೂ ದೂರ ಇಡಬೇಕು, ಇಲ್ಲದಿದ್ದರೆ ಸಂಕೇತ ಕಲಸಿಹೋಗುತ್ತದೆ. ಅಪಾಯದ ಇಳಿಜಾರಿನಲ್ಲಿ ಒಮ್ಮೆಗೆ ಒಬ್ಬರೇ ಇಳಿಯುತ್ತಾರೆ. ಮಿಕ್ಕವರು ಸುರಕ್ಷಿತ ಜಾಗದಲ್ಲಿ ನಿಂತು ಅವರ ಮೇಲಿನ ಕಣ್ಣು ಕೀಳುವುದಿಲ್ಲ.

ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇ 80ರಷ್ಟನ್ನು ಹಿಂದಿರುಗಿಸಬಲ್ಲದು. ಹಾಗಾಗಿ ಗಲ್ಲದ ಅಡಿ, ಮೂಗಿನ ಹೊಳ್ಳೆಯ ಒಳಗೂ ಚರ್ಮ ಸುಡುತ್ತದೆ. ಕಪ್ಪು ಕನ್ನಡಕ ಮರೆತವರಿಗೆ ಕಣ್ಣುರಿ ತಕ್ಷಣ ಬರುವುದಿಲ್ಲ, ಗಂಟೆಗಳ ನಂತರ ಗುಡಿಸಲಿನಲ್ಲಿ ಶುರುವಾಗುತ್ತದೆ.

ವಸಂತದಲ್ಲಿ ಕೆಲವು ದಿನ ಆಲ್ಪ್ಸ್ ಹಿಮ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿಯಲ್ಲಿ ತೇಲಿ ಬಂದ ಸಹಾರಾ ಮರುಭೂಮಿಯ ಧೂಳು ಅದು. ಬಣ್ಣ ಗಾಢವಾದಷ್ಟೂ ಹಿಮ ಬೇಗ ಕರಗುತ್ತದೆ.

ಯೂರೋಪ್ ಪ್ಯಾಕೇಜ್ ಟೂರಿನಲ್ಲಿ ಯುಂಗ್‌ಫ್ರೌಯೋಖ್ ರೈಲು ಹತ್ತಿದ ಕನ್ನಡಿಗರು ಬಹಳ. 1912ರಲ್ಲಿ ಶುರುವಾದ, 3,454 ಮೀಟರ್ ಎತ್ತರದ ಆ ನಿಲ್ದಾಣದಿಂದಲೇ ಸ್ಕೀ ಯಾತ್ರಿಕರು ಅಲೆಚ್ ಹಿಮನದಿಗೆ ಇಳಿಯುತ್ತಾರೆ. ದಾರಿಯಲ್ಲಿರುವ ಕಾನ್ಕಾರ್ಡಿಯಾ ಗುಡಿಸಲನ್ನು 1877ರಲ್ಲಿ ಕಟ್ಟಿದಾಗ ಅದು ಮಂಜುಗಡ್ಡೆಗಿಂತ ಸುಮಾರು 50 ಮೀಟರಷ್ಟೇ ಮೇಲಿತ್ತು. ಹಿಮನದಿ ಕುಗ್ಗುತ್ತ ಹೋದಂತೆ ಬಂಡೆಗೆ ಕಬ್ಬಿಣದ ಮೆಟ್ಟಿಲು ಸೇರಿಸುತ್ತ ಬಂದಿದ್ದಾರೆ. ಈಗ 400ಕ್ಕೂ ಹೆಚ್ಚು ಮೆಟ್ಟಿಲುಗಳನ್ನು, ದಣಿದ ಕಾಲಲ್ಲಿ ಹತ್ತಬೇಕು. ಈ ಅಂಕಣದ ಮಾಹಿತಿಗಳಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ದೂಡಿದ್ದು ಇದು.

ಜೆರ್ಮಾಟ್‌ನಿಂದ ವೆರ್ಬಿಯೆಗೆ 50 ಕಿಲೋಮೀಟರಿಗೂ ಹೆಚ್ಚು ದೂರದ ‘ಪಟ್ರೂಯ್ ದೆ ಗ್ಲಾಸಿಯೆ’ ಸ್ಪರ್ಧೆಯನ್ನು ಸ್ವಿಸ್ ಸೇನೆ 1943ರಲ್ಲಿ ಆರಂಭಿಸಿತು. 1949ರಲ್ಲಿ ಒಂದು ತಂಡದ ಮೂವರೂ ಹಿಮನದಿಯ ಬಿರುಕಿಗೆ ಬಿದ್ದು ಸತ್ತ ಮೇಲೆ ನಿಂತುಹೋದ ಈ ಓಟ ಮತ್ತೆ ನಡೆದದ್ದು 1984ರಲ್ಲಿ. ಈಗಲೂ ಒಂದು ತಂಡಕ್ಕೆ ಮೂವರು. ಅವರಲ್ಲಿ ಅತಿ ವೇಗದವರು ಎಷ್ಟೇ ಮುಂದೆ ಬಂದರೂ ಲೆಕ್ಕಕ್ಕಿಲ್ಲ, ಮೂವರೂ ಜೊತೆಗೆ ಗುರಿ ಮುಟ್ಟಬೇಕು.