ಸೆಕೆಯ ನ್ಯಾಯ

ಕಳೆದ ಏಪ್ರಿಲಿನ ಒಂದು ಮಧ್ಯಾಹ್ನ, ಪಂಪನನ್ನು ಪಾಠ ಹೇಳುತ್ತಿದ್ದಾಗ ತೂಕಡಿಸಿದ ವಿದ್ಯಾರ್ಥಿಯೊಬ್ಬನನ್ನು ಗದರಿಸಿದೆ. "ನಿದ್ದೆಯಲ್ಲ ಸರ್, ತಲೆ ಸುಡುತ್ತಿದೆ" ಎಂದನವನು. ಕತ್ತೆತ್ತಿ ನೋಡಿದೆ; ಬಿಸಿಲುಂಡ ಕಾಂಕ್ರೀಟು ತಾರಸಿ ಕಾದ ಹೆಂಚಿನಂತೆ ನಮ್ಮೆಲ್ಲರ ನೆತ್ತಿಗೆ ಶಾಖ ಸೂಸುತ್ತಿತ್ತು.

ಕೊಠಡಿಯ ಹಿತವನ್ನು ಉಷ್ಣಮಾಪಕವೊಂದೇ ಅಳೆಯಲಾರದು. ಡೆನ್ಮಾರ್ಕಿನ ಫಾಂಗರ್ ತಮ್ಮ 1970ರ ಗ್ರಂಥದಲ್ಲಿ ಆರು ಅಂಶಗಳನ್ನು ಕೂಡಿಸಿ ಲೆಕ್ಕ ಹಾಕಿದರು: ಗಾಳಿಯ ಉಷ್ಣತೆ, ಸುತ್ತಣ ಮೈಗಳು ಸೂಸುವ ಶಾಖ, ಗಾಳಿಯ ವೇಗ, ತೇವ, ಉಡುಪು, ದೇಹದ ದುಡಿಮೆ. ಅತ್ಯಂತ ಹಿತವಾದ ಕೊಠಡಿಯಲ್ಲಿಯೂ ನೂರಕ್ಕೆ 5 ಮಂದಿ ಅತೃಪ್ತರಿರುವರೆಂದು ಅವರ ಎಣಿಕೆ. ನಮ್ಮ ತರಗತಿಯಲ್ಲಿ ಎಷ್ಟು ಮಂದಿಯೋ!

ಬಿಸಿಲನ್ನು ಹಿಂದಿರುಗಿಸಲು ತಾರಸಿಗೆ ಸುಣ್ಣ ಬಳಿಸಬೇಕೆಂದು ಪ್ರಾಂಶುಪಾಲರಿಗೆ ಬರೆದೆ. ಹುಡುಗನಲ್ಲಿ ಕ್ಷಮೆ ಬೇಡಿದೆ. ಕಟ್ಟಿದವರ ತಪ್ಪಿಗೆ ಕುಳಿತವರನ್ನು ದಂಡಿಸುವುದು ಯಾವ ನ್ಯಾಯ?