ರವಿ ಒಯ್ಯುವುದು ನೀರನ್ನು ಮಾತ್ರ

ಬೆರಣಿ ಸುಟ್ಟು ವಿಭೂತಿ ಸಿದ್ಧಪಡಿಸುವುದನ್ನು ಕಂಡವರಿಗೆ ದ್ರವ್ಯದ ಮೊದಲ ಪಾಠ ಹೊಸದೇನಲ್ಲ. ಬುಟ್ಟಿ ತುಂಬ ಬೆರಣಿ ಉರಿದರೆ ಉಳಿಯುವುದು ಕೆಲವೇ ಹಿಡಿ ಬೂದಿ. ಮಿಕ್ಕುದು ನಾಶವಾಯಿತೇ? ಇಲ್ಲ, ನೀರಾವಿಯಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಯಲ್ಲಿ ಬೆರೆಯಿತು. ಅವೆಲ್ಲವನ್ನೂ ಹಿಡಿದು ಬೂದಿಯೊಡನೆ ತೂಗಿದರೆ, ಬೆರಣಿಯ ಮತ್ತು ಉರಿಯುವಾಗ ಅದು ಸೆಳೆದುಕೊಂಡ ಆಮ್ಲಜನಕದ ಒಟ್ಟು ತೂಕಕ್ಕೆ ಸರಿಹೋಗುತ್ತದೆ. ಫ್ರಾನ್ಸಿನ ಲವಾಸಿಯೆ 1789ರ ತನ್ನ ರಸಾಯನ ಗ್ರಂಥದಲ್ಲಿ ಪ್ರತಿಪಾದಿಸಿದ ತತ್ತ್ವವಿದು.

ಈ ತತ್ತ್ವವನ್ನು ಹಿಡಿದು ಬೆಂಗಳೂರಿನ ಪೂರ್ವಕ್ಕೆ, ಸಿ.ವಿ. ರಾಮನ್ ನಗರದ ಮಗ್ಗುಲಲ್ಲಿರುವ ಕಗ್ಗದಾಸಪುರದ ಕೆರೆಯನ್ನು ನೋಡೋಣ. ಪಠ್ಯಪುಸ್ತಕದ ಜಲಚಕ್ರದ ಚಿತ್ರದಲ್ಲಿ ಕಡಲು, ಮೋಡ, ಬೆಟ್ಟಗಳಿರುತ್ತವೆ. ಊರ ಕೆರೆ ಕಾಣುವುದು ಅಪರೂಪ. ಆದರೆ ಚಕ್ರ ಅಲ್ಲಿಯೂ ತಿರುಗುತ್ತಿದೆ.

ಸೂರ್ಯನ ಗರ್ಭದಲ್ಲಿ ಜಲಜನಕವು ಹೀಲಿಯಂ ಆಗುವಾಗ ಹುಟ್ಟುವ ಶಕ್ತಿ ಬೆಳಕಾಗಿ ಹೊರಬಿದ್ದು, ಹದಿನೈದು ಕೋಟಿ ಕಿಲೋಮೀಟರ್ ದಾರಿಯನ್ನು ಎಂಟು ನಿಮಿಷಗಳಲ್ಲಿ ಕ್ರಮಿಸಿ ಕೆರೆಯ ಮೇಲೆ ಬೀಳುತ್ತದೆ. ಒಂದು ಲೀಟರ್ ಮಂಜಿನಂಥ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು 100 ಕಿಲೋಕ್ಯಾಲರಿ ಸಾಕು. ಅಷ್ಟೇ ನೀರು ಬಿಸಿಲಲ್ಲಿ ಆವಿಯಾಗಲು ಬೇಕಾಗುವುದು ಸುಮಾರು 580! ಒಂದು ಹೆಕ್ಟೇರ್ ನೀರಿನ ಹರವಿನಿಂದ ದಿನಕ್ಕೆ ಐದೇ ಮಿಲಿಮೀಟರ್ ಆರಿದರೂ 50,000 ಲೀಟರ್ ಮೇಲೇರಿತೆಂದು ಲೆಕ್ಕ. ಯಾವ ಪಂಪೂ ಇಲ್ಲದೆ ನಡೆಯುವ ಕೆಲಸವಿದು.

ಆದರೆ ಮೇಲೇರುವುದು ನೀರು ಮಾತ್ರ. ಮಕ್ಕಳಿಗೆ ತೋರಿಸಬೇಕೆಂದರೆ ಒಂದು ತಟ್ಟೆಯಲ್ಲಿ ಉಪ್ಪುನೀರಿಟ್ಟು ಬಿಸಿಲಿಗೆ ಇಡಿರಿ. ಸಂಜೆಗೆ ನೀರು ಆರಿ ಉಪ್ಪು ತಳಕ್ಕೆ ಕಚ್ಚಿಕೊಂಡಿರುತ್ತದೆ. ಕೆರೆಯೂ ಅಂಥದೇ ತಟ್ಟೆ. ಸಾಬೂನುಪುಡಿಯ ರಂಜಕ, ಶೌಚದ ಸಾರಜನಕ, ಪೂಜೆಯ ನಿರ್ಮಾಲ್ಯ, ಯಾವುದನ್ನೂ ಸೂರ್ಯನು ಒಯ್ಯಲಾರನು. ಕಗ್ಗದಾಸಪುರದ ಕೆರೆಗೆ ಕೊಳಚೆ ಸೇರಿ ಅಂತರಗಂಗೆ ಹಬ್ಬಿದುದನ್ನು ಪತ್ರಿಕೆಗಳು ಅನೇಕ ಸಲ ವರದಿಮಾಡಿವೆ. ಆ ಹಸಿರು ಹಾಸು ಬೆಳೆದದ್ದು ನಮ್ಮ ಬಚ್ಚಲುಗಳಿಂದ ಬಂದ ದ್ರವ್ಯವನ್ನುಂಡೇ. ಕಿತ್ತ ಕಳೆಯನ್ನು ದಡದಲ್ಲಿಯೇ ಕೊಳೆಯಬಿಟ್ಟರೆ, ಮುಂದಿನ ಮಳೆಯೊಡನೆ ಆ ಸತ್ವ ಮತ್ತೆ ಕೆರೆಗಿಳಿಯುತ್ತದೆ. ದೂರ ಸಾಗಿಸಿ ಗೊಬ್ಬರ ಮಾಡಿದರಷ್ಟೇ ಕೆರೆಯ ಹೊರೆ ಇಳಿದೀತು.

ನೀರಿಗೆ ಇನ್ನೊಂದು ದಾರಿಯೂ ಇದೆ, ಅದು ಕೆಳಮುಖವಾದುದು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗಾಗಿ ಕಾದ ಬೆಂಗಳೂರಿನ ಗೃಹಿಣಿಯರಿಗೆ ಇಂಗುವ ನೀರಿನ ಬೆಲೆಯನ್ನು ನಾವು ಹೇಳಬೇಕಾಗಿಲ್ಲ. ಆವಿಯಾಗಿ ಏರುವ ನೀರು ಶುದ್ಧ. ಮಣ್ಣಿನಲ್ಲಿ ಇಂಗುವ ನೀರಾದರೋ ಕರಗಿದ ನೈಟ್ರೇಟನ್ನು ಹೊತ್ತೇ ಇಳಿಯುತ್ತದೆ. ಕಾಯಿಸಿದರೆ ಎಲ್ಲ ದೋಷವೂ ಹೋಗುವುದೆಂಬ ನಂಬಿಕೆ ಮನೆಮನೆಗಳಲ್ಲಿದೆ. ಕುದಿಸಿದಾಗ ರೋಗಾಣುಗಳು ಸಾಯುವುದು ನಿಜ. ನೈಟ್ರೇಟ್ ಮಾತ್ರ ಪಾತ್ರೆಯಲ್ಲಿಯೇ ಉಳಿದು, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ, ಬಿಸಿಲ ತಟ್ಟೆಯ ಉಪ್ಪಿನಂತೆಯೇ. ಕುಡಿಯುವ ನೀರಿಗೆ ಭಾರತೀಯ ಮಾನಕವು ವಿಧಿಸಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನು ಮೀರಿದ ಬಾವಿನೀರನ್ನು, ಎಷ್ಟೇ ಕುದಿಸಿದ್ದರೂ, ಎಳೆಗೂಸಿನ ಹಾಲಿನಪುಡಿಗೆ ಬೆರೆಸಲಾಗದು.