ಜೇನಿಗೆ ಹೂವು, ಮೊಲಕ್ಕೆ ಬೇಲಿ

ಮನೆಯ ಹಿಂದೆ ಅಂಗೈಯಗಲದ ನೆಲವಿದ್ದರೂ ಅಲ್ಲೊಂದು ಕುಂಬಳದ ಬಳ್ಳಿ, ನಾಲ್ಕು ಬದನೆಯ ಗಿಡ, ಒಂದು ಸಾಲು ಅವರೆ ಹಾಕುವುದು ನಮ್ಮ ನಾಡಿನ ಹಳೆಯ ವಾಡಿಕೆ. ಇಂಥ ಕೈತೋಟಕ್ಕೆ ಕರೆಯದೆ ಬರುವ ಜೀವಿಗಳು ಹಲವು. ಅವುಗಳಲ್ಲಿ ಎರಡನ್ನು ಇಲ್ಲಿ ಪರಿಚಯ ಮಾಡಿಕೊಳ್ಳೋಣ. ಒಂದು, ಹಗಲಿನಲ್ಲಿ ಬರುವ ಜೇನುಹುಳು. ಅದು ಬಂದಷ್ಟೂ ನಮಗೆ ಲಾಭ. ಇನ್ನೊಂದು, ಊರಂಚಿನ ತೋಟಗಳಿಗೆ ಇರುಳಿನಲ್ಲಿ ಬರುವ ಮೊಲ. ಬೆಳಗಾಗುವಷ್ಟರಲ್ಲಿ ಎಳೆಯ ಸಸಿಗಳ ಸಾಲನ್ನೇ ಬೋಳು ಮಾಡಿ ಹೋಗಬಲ್ಲುದು. ಒಂದನ್ನು ಆದರಿಸಬೇಕು, ಇನ್ನೊಂದನ್ನು ತಡೆಯಬೇಕು. ಎರಡು ಕೆಲಸಕ್ಕೂ ಬೇಕಾದುದು ಆಯಾ ಜೀವಿಯ ದೇಹರಚನೆ ಮತ್ತು ನಡವಳಿಕೆಗಳ ತಿಳಿವಳಿಕೆ. ಅದಿಲ್ಲದೆ ವಿಷದ ಡಬ್ಬಿಗೆ ಕೈಹಾಕಿದರೆ ಶತ್ರುವಿನೊಡನೆ ಮಿತ್ರನೂ ಸಾಯುವುದು ನಿಶ್ಚಯ.

ಹೂವಿಗೆ ಜೇನು ಏಕೆ ಬೇಕು?

ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ದಳಗಳ ಕೆಳಗೆ ಪುಟ್ಟ ಕಾಯಿಯಂಥ ಉಬ್ಬು ಇದ್ದರೆ ಅದು ಹೆಣ್ಣು. ಇದರ ಪರಾಗ ಅಂಟಾಗಿಯೂ ಭಾರವಾಗಿಯೂ ಇರುವುದರಿಂದ ಗಾಳಿ ಅದನ್ನು ಸಾಗಿಸಲಾರದು. ಹೂವಾದರೋ ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಆ ಕೆಲವೇ ಗಂಟೆಗಳಲ್ಲಿ ಕೀಟವೊಂದು ಪರಾಗವನ್ನು ತಂದು ಮುಟ್ಟಿಸದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. “ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ” ಎಂಬ ದೂರಿಗೆ ಅನೇಕ ವೇಳೆ ಇದೇ ಕಾರಣ.

ಟೊಮೇಟೊ ಮತ್ತು ಬದನೆಯ ರೀತಿ ಬೇರೆ. ಇವುಗಳ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಕೂಡಿಯೇ ಇವೆ; ಆದರೆ ಪರಾಗವು ತುದಿಯಲ್ಲಿ ಕಿರುರಂಧ್ರವುಳ್ಳ ಚೀಲಗಳಲ್ಲಿ ಅಡಗಿರುತ್ತದೆ, ಉಪ್ಪಿನ ಡಬ್ಬಿಯಲ್ಲಿ ಉಪ್ಪಿರುವಂತೆ. ಮರವನ್ನು ಕೊರೆದು ಗೂಡು ಮಾಡುವ ದೊಡ್ಡ ಕರಿದುಂಬಿಯು ಹೂವನ್ನು ಅಪ್ಪಿ ಹಿಡಿದು, ತನ್ನ ಹಾರಾಟದ ಸ್ನಾಯುಗಳನ್ನು ಝೇಂಕಾರದೊಡನೆ ಕಂಪಿಸಿ, ಪರಾಗವನ್ನು ಉದುರಿಸಿಕೊಳ್ಳುತ್ತದೆ. ನಾವು ಸಾಕುವ ತುಡುವೆ ಜೇನಿಗೆ ಈ ವಿದ್ಯೆ ಬಾರದು. ಆದ್ದರಿಂದ ತೋಟಕ್ಕೆ ಒಂದು ಜಾತಿಯ ಜೇನು ಸಾಲದು; ಹಲವು ಬಗೆಯವು ಬೇಕು.

ಜೇನಿನ ಕಣ್ಣಿಗೆ ಕಾಣುವುದೇನು?

ಆಸ್ಟ್ರಿಯ ದೇಶದಲ್ಲಿ ಜನಿಸಿದ ಕಾರ್ಲ್ ಫಾನ್ ಫ್ರಿಷ್ ಎಂಬ ವಿಜ್ಞಾನಿ ಜೇನಿಗೆ ಬಣ್ಣಗಳ ಅರಿವಿದೆಯೆಂಬುದನ್ನು 1914ರಲ್ಲಿ ಪ್ರಕಟವಾದ ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟನು. ಬೂದುಬಣ್ಣದ ಬೇರೆ ಬೇರೆ ಛಾಯೆಗಳ ಕಾಗದಗಳ ನಡುವೆ ಒಂದು ನೀಲಿ ಕಾಗದವನ್ನಿರಿಸಿ, ಅದರ ಮೇಲೆ ಸಕ್ಕರೆಯ ಪಾಕವಿಟ್ಟನು. ಕೆಲಕಾಲದ ಅಭ್ಯಾಸದ ಬಳಿಕ ಪಾಕವಿಲ್ಲದಿದ್ದರೂ ಹುಳುಗಳು ನೀಲಿಯ ಮೇಲೆಯೇ ಬಂದಿಳಿದವು. ಕೆಂಪು ಕಾಗದದ ಮಾತು ಬಂದಾಗ ಮಾತ್ರ ಅವು ಅದನ್ನು ಕಡುಬೂದಿನಿಂದ ಬೇರ್ಪಡಿಸಲಾರದೆ ಹೋದವು. ನಮಗೆ ಕಾಣದ ಅತಿನೇರಳೆ ಬೆಳಕು ಜೇನಿಗೆ ಕಾಣುತ್ತದೆ. ನಮಗೆ ಎದ್ದು ಕಾಣುವ ಕೆಂಪು ಅದಕ್ಕೆ ಕಾಣದು. ಜೇನಿನ ಇಂದ್ರಿಯಜ್ಞಾನ ಹಾಗೂ ಅದರ ನೃತ್ಯಭಾಷೆಯ ಸಂಶೋಧನೆಗಾಗಿ ಫ್ರಿಷ್‌ಗೆ 1973ರಲ್ಲಿ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಇದರಿಂದ ತೋಟಗಾರನು ಕಲಿಯತಕ್ಕ ಪಾಠ ಸ್ಪಷ್ಟ. ಜೇನನ್ನು ಕರೆಯಲು ನೀಲಿ, ನೇರಳೆ, ಹಳದಿ, ಬಿಳಿ ಹೂಗಳು ಒಳ್ಳೆಯವು. ತುಳಸಿ, ಕಾಮಕಸ್ತೂರಿ, ಸೂರ್ಯಕಾಂತಿ, ಹುಚ್ಚೆಳ್ಳು, ನುಗ್ಗೆ ಇವೆಲ್ಲ ಜೇನಿಗೆ ಪ್ರಿಯವಾದವು. ಕೊತ್ತಂಬರಿಯ ಕೆಲವು ಗಿಡಗಳನ್ನು ಕೀಳದೆ ಹೂಬಿಡಲು ಬಿಡಿರಿ. ಒಂದು ಜಾತಿಯ ಗಿಡಗಳನ್ನು ಚದುರಿಸದೆ ಗುಂಪಾಗಿ ನೆಡಿರಿ. ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಅರಸುತ್ತದೆ. ಅಗಲವಾದ ತಟ್ಟೆಯಲ್ಲಿ ಕಲ್ಲುಹರಳುಗಳನ್ನು ಹರಡಿ ನೀರಿಟ್ಟರೆ ಅವು ಮುಳುಗದೆ ಕುಡಿಯುತ್ತವೆ. ಒಂಟಿಯಾಗಿ ಬಾಳುವ ಜೇನುಗಳಿಗಾಗಿ ಒಂದಿಷ್ಟು ಬರಿಯ ನೆಲವನ್ನೂ ಒಣಗಿದ ಟೊಳ್ಳು ಕಡ್ಡಿಗಳನ್ನೂ ಉಳಿಸಿರಿ.

ಈ ಆದರಕ್ಕೆ ಇಂದು ವಿಶೇಷ ಅಗತ್ಯವಿದೆ. 1991ರ ಸುಮಾರಿಗೆ ಮರಿಹುಳುಗಳನ್ನು ಕೊಲ್ಲುವ ವೈರಸ್ ರೋಗವೊಂದು ದಕ್ಷಿಣ ಭಾರತದಲ್ಲಿ ಹರಡಿ, ತುಡುವೆಯ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಉಳಿದುಕೊಂಡ ಕುಟುಂಬಗಳಿಂದ ಅವು ಮತ್ತೆ ಹೆಚ್ಚಬೇಕಾಯಿತು.

ಮೆದ್ದವರು ಯಾರು?

ಕಡಿದ ಗಿಡವನ್ನು ಕಂಡೊಡನೆ ಮೊಲವನ್ನು ಶಪಿಸುವ ಮುನ್ನ ಗಾಯವನ್ನು ಪರೀಕ್ಷಿಸಿರಿ. ಎಳೆಯ ದಂಟು ಚಾಕುವಿನಿಂದ ಕೊಯ್ದಂತೆ ಓರೆಯಾಗಿ, ನುಣುಪಾಗಿ ತುಂಡಾಗಿದ್ದರೆ ಅದು ಮೊಲದ ಕೆಲಸವಿರಬಹುದು. ಹತ್ತಿರದಲ್ಲಿ ದುಂಡನೆಯ ಒಣ ಹಿಕ್ಕೆಗಳಿದ್ದರೆ ಅನುಮಾನವೇ ಉಳಿಯದು. ಆಡಿಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲುಗಳಿಲ್ಲ. ಆದ್ದರಿಂದ ಅದು ಮೆದ್ದ ತುದಿ ಹರಿದಂತೆ ಚಿಂದಿಯಾಗಿರುತ್ತದೆ. ಬೆಳ್ಳಿಯ ಗೆರೆಯಂತೆ ಲೋಳೆ ಹೊಳೆಯುತ್ತಿದ್ದರೆ ಬಸವನಹುಳುವನ್ನು ಹುಡುಕಿರಿ. ಗುಲಾಬಿಯ ಎಲೆಯ ಅಂಚಿನಲ್ಲಿ ಕೈವಾರದಿಂದ ಬರೆದಂಥ ಅರ್ಧವೃತ್ತಗಳಿದ್ದರೆ ಸಂತೋಷಪಡಿರಿ! ಅದು ಎಲೆ ಕತ್ತರಿಸುವ ಒಂಟಿ ಜೇನಿನ ಕೆಲಸ. ಆ ತುಂಡುಗಳನ್ನು ಸುತ್ತಿ ಅದು ತನ್ನ ಮರಿಗಳಿಗೆ ತೊಟ್ಟಿಲು ಕಟ್ಟುತ್ತದೆ. ಗಿಡಕ್ಕೆ ಇದರಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ.

ಬೇಲಿಯ ವಿಜ್ಞಾನ

ನಮ್ಮ ಕಾಡುಮೊಲವೂ ಪಂಜರದಲ್ಲಿ ಸಾಕುವ ಬಿಳಿಮೊಲವೂ ಬೇರೆ ಬೇರೆ ಪ್ರಾಣಿಗಳು. ಯುರೋಪಿನಿಂದ ಬಂದ ಸಾಕುಮೊಲದ ಕುಲವು ಬಿಲ ತೋಡುತ್ತದೆ. ಅದರ ಮರಿಗಳು ಹುಟ್ಟುವಾಗ ಕೂದಲಿಲ್ಲದೆ ಕುರುಡಾಗಿರುತ್ತವೆ. ಕತ್ತಿನ ಹಿಂಭಾಗದಲ್ಲಿ ಕಪ್ಪು ಮಚ್ಚೆಯುಳ್ಳ ನಮ್ಮ ಮೊಲವು ಬಿಲ ತೋಡದೆ ಹುಲ್ಲಿನ ನಡುವಿನ ತಗ್ಗಿನಲ್ಲಿ ಹಗಲನ್ನು ಕಳೆಯುತ್ತದೆ. ಮರಿಗಳು ಕಣ್ತೆರೆದೇ, ಕೂದಲು ಹೊತ್ತೇ ಹುಟ್ಟುತ್ತವೆ. ಎರಡಕ್ಕೂ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಅವು ಸವೆಯುವಂತೆ ಮೇಯುತ್ತಲೇ ಇರಬೇಕು.

ಆದುದರಿಂದ ಸುಮಾರು ನಾಲ್ಕು ಅಡಿ ಎತ್ತರದ, ಮೂರು ಸೆಂಟಿಮೀಟರಿಗಿಂತ ದೊಡ್ಡ ಕಣ್ಣುಗಳಿಲ್ಲದ ತಂತಿಬಲೆಯೇ ನಂಬತಕ್ಕ ತಡೆ. ಬಲೆಯ ಕೆಳಅಂಚನ್ನು ಒಂದು ಗೇಣಿನಷ್ಟು ಹೊರಕ್ಕೆ ಮಡಿಸಿ ಮಣ್ಣು, ಕಲ್ಲು ಹೇರಿದರೆ ನುಸುಳಲು ಸಂದಿರದು. ಬಲೆಗೆ ಹಣವಿಲ್ಲದಿದ್ದರೆ ಲಕ್ಕಿ ಗಿಡದ ಬೇಲಿ ಬೆಳೆಸಿ, ಬುಡಕ್ಕೆ ಜಾಲಿಮುಳ್ಳು ಒತ್ತಿರಿ. ಲಕ್ಕಿಯ ನೀಲಿ ಹೂಗೊಂಚಲಿಗೆ ಜೇನು ಮುತ್ತುತ್ತದೆ. ಒಂದು ಬೇಲಿಯಿಂದ ಎರಡು ಪ್ರಯೋಜನ! ಇನ್ನೂ ಸುಲಭವಾದ ಉಪಾಯವೆಂದರೆ ಸಂಜೆ ಸಸಿಗಳ ಮೇಲೆ ಬಿದಿರಿನ ಬುಟ್ಟಿ ಕವಿಚಿ, ಬೆಳಗ್ಗೆ ತೆಗೆಯುವುದು. ಮೊಲ ಇರುಳಿನದು, ಜೇನು ಹಗಲಿನದು. ಕಾಲಭೇದವೇ ನಮಗೆ ಸಹಾಯ.

ಬೇಲಿಯನ್ನು ಬಿತ್ತನೆಗೆ ಮೊದಲೇ ಕಟ್ಟಬೇಕು. ತಡವಾದರೆ ಏನಾಗುವುದೆಂಬುದಕ್ಕೆ ಆಸ್ಟ್ರೇಲಿಯ ಸಾಕ್ಷಿ. 1859ರಲ್ಲಿ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬವನು ಬೇಟೆಯ ವಿನೋದಕ್ಕಾಗಿ ಬಿಟ್ಟ ಸುಮಾರು ಎರಡು ಡಜನ್ ಯುರೋಪಿನ ಮೊಲಗಳ ಸಂತತಿ ಖಂಡವನ್ನೇ ಆಕ್ರಮಿಸಿತು. ಪಶ್ಚಿಮ ಆಸ್ಟ್ರೇಲಿಯದಲ್ಲಿ 1901ರಲ್ಲಿ ಆರಂಭಿಸಿದ ಮಹಾಬೇಲಿಯು 1,800 ಕಿಲೋಮೀಟರಿಗೂ ಮಿಕ್ಕು ಉದ್ದವಾಗಿ 1907ರಲ್ಲಿ ಮುಗಿಯುವಷ್ಟರಲ್ಲಿ ಮೊಲಗಳು ಅದರ ಆಚೆಗೆ ದಾಟಿಯಾಗಿದ್ದವು.

ವಿಷ ಬೇಡ

ಮೊಲಕ್ಕೆ ವಿಷವಿಡುವುದಾಗಲಿ ಉರುಳೊಡ್ಡುವುದಾಗಲಿ ಸಲ್ಲದು. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವ ಪ್ರಾಣಿ. ಕೀಟಗಳಿಗೆಂದು ಅರಳಿದ ಹೂವಿನ ಮೇಲೆ ಔಷಧಿ ಸಿಂಪಡಿಸಿದರೆ ಜೇನು ಸಾಯುತ್ತದೆ. ಕೆಲವು ಕೀಟನಾಶಕಗಳು ಗಿಡದ ರಸದಲ್ಲಿ ಬೆರೆತು ಮಕರಂದಕ್ಕೂ ಪರಾಗಕ್ಕೂ ಇಳಿಯುತ್ತವೆ. ಇಂಥ ಮೂರನ್ನು ಬಯಲಿನ ಬೆಳೆಗಳಿಗೆ ಬಳಸಕೂಡದೆಂದು ಯುರೋಪಿಯನ್ ಒಕ್ಕೂಟವು 2018ರಲ್ಲಿ ನಿಷೇಧಿಸಿತು.

ವಿದ್ಯಾರ್ಥಿ ಮಿತ್ರರು ಇದನ್ನು ಓದಿ ನಂಬಿದರೆ ಸಾಲದು, ಸ್ವತಃ ಪರೀಕ್ಷಿಸಬೇಕು. ನಾಳೆ ಅರಳಲಿರುವ ಕುಂಬಳದ ಮೂರು ಹೆಣ್ಣು ಮೊಗ್ಗುಗಳನ್ನು ಆರಿಸಿಕೊಳ್ಳಿ. ಎರಡಕ್ಕೆ ಇಂದು ಸಂಜೆಯೇ ತೆಳುಬಟ್ಟೆಯ ಚೀಲ ಕಟ್ಟಿ, ಮೂರನೆಯದನ್ನು ತೆರೆದಿಡಿ. ಬೆಳಗ್ಗೆ ಚೀಲ ಕಟ್ಟಿದ ಒಂದು ಹೂವಿಗೆ ಗಂಡು ಹೂವಿನ ಪರಾಗವನ್ನು ನಿಮ್ಮ ಕೈಯಿಂದಲೇ ಸವರಿ ಮತ್ತೆ ಕಟ್ಟಿರಿ. ಇನ್ನೊಂದನ್ನು ಮುಟ್ಟಬೇಡಿ. ಒಂದು ವಾರದ ಬಳಿಕ ಯಾವ ಹೀಚು ಉಳಿದಿದೆ, ಯಾವುದು ಉದುರಿದೆ ಎಂದು ಬರೆದಿಡಿ. ತೆರೆದ ಹೂವಿನ ಹೀಚೂ ಉದುರಿದ್ದರೆ ನಿಮ್ಮ ತೋಟಕ್ಕೆ ಜೇನು ಸಾಕಷ್ಟು ಬರುತ್ತಿಲ್ಲವೆಂದು ಶಂಕಿಸಬಹುದು. ಆಗ ಬೇಲಿಯ ಬದಿಯಲ್ಲಿ ನಾಲ್ಕು ತುಳಸಿ ಗಿಡಗಳನ್ನು ಹೆಚ್ಚಿಗೆ ನೆಡಿರಿ.